ಅತ್ತಿಗೆ ಕಂಡ ಓಟಗಾರ

ನನ್ನ ಅತ್ತಿಗೆ ಕಣ್ಣಿನ ಸಂಶೋಧನೆ ನಡೆಸುವ ಒಂದು ಲ್ಯಾಬಿನಲ್ಲಿ ಕೆಲಸಕ್ಕಿದ್ದಾಳೆ. ಮೀನಿನ ಮರಿಗಳ ಕಣ್ಣು ನೋಡುವುದು ಅವಳ ಕೆಲಸ. ಹಾಗೆ ಮೀನುಗಳ ಕಣ್ಣು ನೋಡುತ್ತಾ ನೋಡುತ್ತಾ ತನ್ನ ಎಡಗಣ್ಣನ್ನೇ ಕಳೆದುಕೊಳ್ಳುವ ಹಂತಕ್ಕೆ ಹೋಗಿದ್ದಳು, ಅದೂ ಯಾರಿಗೂ ಗೊತ್ತಾಗದ ಹಾಗೆ, ಅವಳಿಗೂ ಗೊತ್ತಾಗದ ಹಾಗೆ. ಈ ಕಥೆ ಆ ಎಡಗಣ್ಣಿನದು. ಅದು ಉಳಿಯಿತೋ ಹೋಯಿತೋ ಅಂತ ಕೊನೆಗೆ ಹೇಳುತ್ತೇನೆ. ಅದಕ್ಕೂ ಮೊದಲು ಅತ್ತಿಗೆ ಎಂಥವಳು, ನಮ್ಮಮ್ಮ ಎಂಥವಳು ಅಂತ ಗೊತ್ತಾಗಬೇಕು. ನಾನು ಇಬ್ಬರ ನಡುವೆ ಸಿಕ್ಕಿಕೊಂಡಿರುವ ನಾದಿನಿ. ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ, ಮನೆಯಲ್ಲಿ ಪಂಚಾಯ್ತಿ ಮಾಡುತ್ತೇನೆ.

ಮೀನಿನ ಲ್ಯಾಬು ಅಂದಕೂಡಲೇ ಜನರ ತಲೆಗೆ ಬರುವುದೇ ಬೇರೆ. ಪಕ್ಕದ ಮನೆಯಾಕೆ ಮೊದಲ ಸಲ ಕೇಳಿದ್ದೇ, "ಕಣ್ಣು ಮಾತ್ರ ನೋಡ್ತೀರಿ ಅಂದ್ರೆ, ಉಳಿದ ಮೀನು ಯಾರಿಗೆ ಹೋಗುತ್ತೆ?" ಅಂತ. ಅತ್ತಿಗೆ ತನ್ನ ರೆಪ್ಪೆಯಿಂದ ಒಂದು ಕೂದಲು ಕಿತ್ತು ಆಕೆಯ ಅಂಗೈ ಮೇಲಿಟ್ಟು, "ಒಂದೊಂದು ಮೀನು ಇಷ್ಟೇ ಇರೋದು. ಹಂಚ್ಕೊಳ್ಳೋಣ್ವಾ?" ಅಂದಳು. ಆಕೆ ಎಷ್ಟೋ ದಿನ ನಮ್ಮ ಮನೆಯ ಕಡೆ ತಲೆ ಹಾಕಲಿಲ್ಲ. ಅಮ್ಮನಿಗಂತೂ ಸೊಸೆಯ ಕೆಲಸ ಏನು ಅಂತ ನೆಂಟರಿಗೆ ಬಿಡಿಸಿ ಹೇಳುವುದೇ ದೊಡ್ಡ ತಲೆನೋವು. "ಮೀನಿಗೆ ಕಣ್ಣಿನ ಡಾಕ್ಟ್ರು" ಅಂತ ಹೇಳಿ ಮಾತು ಮುಗಿಸಿಬಿಡುತ್ತಿದ್ದಳು.

ಬೆಳಿಗ್ಗೆ ಲ್ಯಾಬಿನಲ್ಲಿ ದೀಪ ಹಾಕಿದ ಕೂಡಲೇ ತೊಟ್ಟಿಯ ಮೀನುಗಳು ಮೊಟ್ಟೆ ಇಡುತ್ತವೆ. ಆ ಮೊಟ್ಟೆಗಳನ್ನು ಅತ್ತಿಗೆ ಟೀ ಸೋಸುವ ಜರಡಿಯಲ್ಲಿ ಹಿಡಿಯುತ್ತಾಳೆ. ಬೀರುವಿನಷ್ಟು ದೊಡ್ಡ ಯಂತ್ರಗಳಿರುವ ಆ ಜಾಗದಲ್ಲಿ ಮೊಟ್ಟೆ ಹಿಡಿಯಲು ಟೀ ಜರಡಿಗಿಂತ ಒಳ್ಳೆಯ ಸಾಧನ ಇನ್ನೂ ಯಾರಿಗೂ ಸಿಕ್ಕಿಲ್ಲವಂತೆ. ಮರಿಗಳ ಮೈಗೆ ಬಣ್ಣ ಬಾರದಿರಲಿ ಅಂತ ನೀರಿಗೆ ಒಂದು ಔಷಧಿ ಬೆರೆಸುತ್ತಾರೆ. ಬಣ್ಣ ಬಾರದ ಮರಿಯ ಮೈ ಗಾಜಿನ ಹಾಗೆ, ಹೊರಗಿನಿಂದಲೇ ಕಣ್ಣಿನ ಒಳಗೆಲ್ಲ ಕಾಣುತ್ತದೆ. ಅದನ್ನು ಮದ್ದು ಕೊಟ್ಟು ಮಲಗಿಸಿ, ಒಂದು ತೊಟ್ಟು ಬೆಚ್ಚಗಿನ ಜೆಲ್ಲಿಯೊಳಗೆ ಇಟ್ಟು, ತುದಿಗೆ ರೆಪ್ಪೆಗೂದಲು ಅಂಟಿಸಿದ ಕಡ್ಡಿಯಿಂದ ಮೆಲ್ಲಗೆ ಮಗ್ಗುಲು ಬದಲಿಸಿ, ಕಣ್ಣು ಮೇಲೆ ಬರುವ ಹಾಗೆ ಕೂರಿಸಬೇಕು. ಆಮೇಲೆ ಸೂಕ್ಷ್ಮದರ್ಶಕ ತನ್ನ ಪಾಡಿಗೆ ತಾನು ಒಂದರ ಹಿಂದೊಂದು ಚಿತ್ರ ತೆಗೆಯುತ್ತಾ ಹೋಗುತ್ತದೆ. ಆ ಚಿತ್ರಗಳನ್ನು ದೊಡ್ಡ ಪರದೆಯ ಮೇಲೆ ಹಾಕಿಕೊಂಡು, ಬೆಳೆಯುತ್ತಿರುವ ಕಣ್ಣಿನಲ್ಲಿ ಕಾವಲಿನ ಜೀವಕೋಶಗಳು ಎಲ್ಲಿಂದ ಎಲ್ಲಿಗೆ ಹೋದವು ಅಂತ ಪೆನ್ನಿನಿಂದ ಗುರುತು ಹಾಕುವವಳು ನಮ್ಮ ಅತ್ತಿಗೆ.

ಇನ್ನು ನಮ್ಮಮ್ಮ. ನಾನೂ ಅತ್ತಿಗೆಯೂ ಗುಟ್ಟಾಗಿ ಅವಳಿಗಿಟ್ಟ ಹೆಸರು ಚೆಕ್‌ಪೋಸ್ಟು. ಸಂಜೆ ಬಾಗಿಲಲ್ಲಿ ನಿಂತು, ಒಳಗೆ ಬರುವವರನ್ನೆಲ್ಲ ಮುಟ್ಟಿ ನೋಡಿಯೇ ಬಿಡುವುದು ಅವಳ ಚಾಳಿ. ಹಣೆ ಮುಟ್ಟುತ್ತಾಳೆ, ನಾಲಗೆ ತೋರಿಸು ಅನ್ನುತ್ತಾಳೆ, ಬ್ಯಾಗಿಗೆ ಕೈ ಹಾಕಿ ಊಟದ ಡಬ್ಬಿ ಅಲ್ಲಾಡಿಸಿ ಎಷ್ಟು ಬಿಟ್ಟಿದ್ದೀಯ ಅಂತ ಲೆಕ್ಕ ಕೇಳುತ್ತಾಳೆ. ಅಣ್ಣ ಲಿಫ್ಟ್ ರಿಪೇರಿಯವನು. ಅವನು ಎರಡೂ ಕೈ ಮುಂದಕ್ಕೆ ಚಾಚಿ ನಿಲ್ಲಬೇಕು. ಅಮ್ಮ ಹತ್ತು ಬೆರಳೂ ಇವೆ ಅಂತ ಖಾತ್ರಿ ಮಾಡಿಕೊಂಡು "ಸರಿ, ಹೋಗು" ಅಂದ ಮೇಲೆಯೇ ಅವನಿಗೆ ಬೂಟು ಬಿಚ್ಚುವ ಅನುಮತಿ. ಕೆಲಸದಲ್ಲಿ ಹತ್ತಾರು ಜನರ ಮೇಲೆ ಕೂಗಾಡುವ ಗಂಡಸು, ಮನೆ ಬಾಗಿಲಿಗೆ ಬಂದರೆ ಶಾಲೆಯ ಹುಡುಗನ ಹಾಗೆ ಕೈ ಚಾಚುತ್ತಾನೆ.

ಈ ಚಾಳಿ ಅವಳಿಗೆ ಹುಟ್ಟಿನಿಂದ ಬಂದದ್ದಲ್ಲ. ಅಪ್ಪನಿಗೆ ಸಕ್ಕರೆ ಕಾಯಿಲೆಯಿತ್ತು. ಕಾಲ್ಬೆರಳ ಸಂದಿಯಲ್ಲಾದ ಒಂದು ಗಾಯವನ್ನು, ಸುಮ್ಮನೆ ಯಾಕೆ ಗಾಬರಿ ಮಾಡುವುದು ಅಂತ, ಕಾಲುಚೀಲದೊಳಗೆ ಮುಚ್ಚಿಟ್ಟುಕೊಂಡು ಓಡಾಡಿದರು. ಅಮ್ಮ ಕಾಲುಚೀಲ ಎಳೆದು ನೋಡುವ ಹೊತ್ತಿಗೆ ತಡವಾಗಿತ್ತು. ಅಪ್ಪ ಹೋದ ಮೇಲೆ, "ಚೆನ್ನಾಗಿದ್ದೀನಿ" ಅನ್ನುವ ಮಾತಿನ ಮೇಲೆ ಅವಳಿಗೆ ಎಳ್ಳಷ್ಟೂ ನಂಬಿಕೆಯಿಲ್ಲ. ಇದು ಗೊತ್ತಿದ್ದ ಕಾರಣ ನಾನು ಗೊಣಗಿಕೊಂಡೇ ನಾಲಗೆ ಚಾಚುತ್ತಿದ್ದೆ.

ಆದರೆ ಅತ್ತಿಗೆ ಹಾಸ್ಟೆಲಿನಲ್ಲಿ ಬೆಳೆದವಳು. ಅಲ್ಲಿ ಒಬ್ಬರ ಟ್ರಂಕಿಗೆ ಇನ್ನೊಬ್ಬರು ಕೈ ಹಾಕಿದರೆ ಮಾರಾಮಾರಿ. ಮದುವೆಯಾಗಿ ಬಂದಾಗಿನಿಂದ ಹಲ್ಲು ಕಚ್ಚಿಕೊಂಡು ಈ ತಪಾಸಣೆ ಸಹಿಸುತ್ತಿದ್ದಳು. ಒಂದು ದಿನ ಕಟ್ಟೆ ಒಡೆಯಿತು. ಅದಕ್ಕೆ ಕಾರಣ ಒಂದು ಟೀ ಜರಡಿ.

ಲ್ಯಾಬಿನ ಜರಡಿಗಳು ಹಳತಾಗಿದ್ದವು. ಅದೇ ಅಳತೆಯ ಬಲೆಯದ್ದು ಬೇಕು, ಅಂಗಡಿಯವನಿಗೆ ತೋರಿಸಿದರೆ ಆಯಿತು ಅಂತ ಅತ್ತಿಗೆ ಒಂದನ್ನು ತೊಳೆದು ಬ್ಯಾಗಿನಲ್ಲಿ ಹಾಕಿಕೊಂಡು ಬಂದಿದ್ದಳು. ಸಂಜೆಯ ತಪಾಸಣೆಯಲ್ಲಿ ಅದು ಅಮ್ಮನ ಕೈಗೆ ಸಿಕ್ಕಿತು. ಸೊಸೆಗೆ ಕೊನೆಗೂ ಅಡುಗೆಮನೆಯ ಮೇಲೆ ಅಕ್ಕರೆ ಹುಟ್ಟಿತು ಅಂತ ಅಮ್ಮನಿಗೆ ಎಷ್ಟು ಖುಷಿಯಾಯಿತೆಂದರೆ, ಮಾತೇ ಆಡದೆ ಅದನ್ನು ಒಲೆಯ ಪಕ್ಕದ ಮೊಳೆಗೆ ನೇತುಹಾಕಿದಳು. ಮಾರನೆಯ ಬೆಳಿಗ್ಗೆ ನಾವೆಲ್ಲ ಅದರಲ್ಲಿ ಸೋಸಿದ ಟೀ ಕುಡಿದೆವು. ಅಣ್ಣನಂತೂ ಎರಡು ಲೋಟ ಕುಡಿದು, "ಇವತ್ತು ಟೀ ಚೆನ್ನಾಗಿದೆ" ಅಂದ. ಅತ್ತಿಗೆ ತಲೆ ಒರೆಸಿಕೊಳ್ಳುತ್ತಾ ಅಡುಗೆಮನೆಗೆ ಬಂದವಳು ಮೊಳೆಯತ್ತ ನೋಡಿ ಕಿಟಾರನೆ ಕಿರುಚಿದಳು.

"ಅತ್ತೆ! ಅದು ಮೀನಿನ ಮೊಟ್ಟೆ ಹಿಡಿಯೋದು!"

ಅಣ್ಣ ಬಚ್ಚಲಿಗೆ ಓಡಿದ. ನಾನು ಲೋಟ ಹಿಡಿದುಕೊಂಡು ಬೆಪ್ಪಾಗಿ ನಿಂತೆ. ಅಮ್ಮನಿಗೆ ಅವಮಾನವಾಯಿತು, ಅವಮಾನವಾದರೆ ಅವಳಿಗೆ ಕೋಪವೇ ಬರುವುದು. "ಮೀನಿನ ಸಾಮಾನು ಮನೆಗೆ ಯಾಕೆ ತರ್ತೀಯ?" ಅಂತ ಶುರುಮಾಡಿದಳು. ಅತ್ತಿಗೆ ಅಂದಳು, "ನಾನು ತಂದಿದ್ದು ನನ್ನ ಬ್ಯಾಗಿಗೆ, ಅಡುಗೆಮನೆಗಲ್ಲ. ಇನ್ನು ಮೇಲೆ ನನ್ನ ಬ್ಯಾಗಿಗೆ ಕೈ ಹಾಕ್ಬೇಡಿ. ನನ್ನ ಹಣೆ, ನನ್ನ ನಾಲಗೆ, ನನ್ನ ಡಬ್ಬಿ, ಎಲ್ಲಾ ನನ್ನದು. ನನ್ನನ್ನ ಮುಟ್ಟಿ ಮುಟ್ಟಿ ನೋಡೋಕೆ ನಾನೇನು ಸಂತೆಯ ಬದನೆಕಾಯಾ?"

ಅಮ್ಮ ಸೆರಗಿನಿಂದ ಕೈ ಒರೆಸಿಕೊಂಡು, "ಆಯ್ತಮ್ಮ. ನಿನ್ನದು ನಿನ್ನದು. ನೀನಾಗಿ ಬಾಯಿಬಿಟ್ಟು ಕರೆಯೋವರೆಗೂ ನಾನು ನಿನ್ನ ತಂಟೆಗೆ ಬರಲ್ಲ" ಅಂದಳು. ನಮ್ಮಮ್ಮ ಒಮ್ಮೆ ಅಂದರೆ ಮುಗಿಯಿತು. ಜಪ್ಪಯ್ಯ ಅಂದರೂ ಬದಲಾಯಿಸುವವಳಲ್ಲ.

ಅಂದಿನಿಂದ ಮನೆಯಲ್ಲಿ ಹೊಸ ಕಾನೂನು. ಅಣ್ಣನ ಬೆರಳು, ನನ್ನ ನಾಲಗೆ, ಕೊನೆಗೆ ಗ್ಯಾಸ್ ಸಿಲಿಂಡರ್ ತರುವವನ ಕೆಮ್ಮು ಸಹ ವಿಚಾರಣೆಗೆ ಒಳಗಾಗುತ್ತಿತ್ತು. ಅತ್ತಿಗೆ ಬಂದಳೆಂದರೆ ಮಾತ್ರ ಅಮ್ಮ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಗೋಡೆಗೆ ಒರಗಿ, ಸಾಹೇಬರ ಕಾರಿಗೆ ಗೇಟು ಬಿಟ್ಟ ಹಾಗೆ ದಾರಿ ಬಿಡುತ್ತಿದ್ದಳು. ಅತ್ತಿಗೆಗೆ ಮೊದಮೊದಲು ಸ್ವರ್ಗವೇ ಸಿಕ್ಕ ಹಾಗಿತ್ತು. "ಎಷ್ಟು ಆರಾಮು ಗೊತ್ತಾ?" ಅಂತ ನನ್ನ ಕಿವಿಯಲ್ಲಿ ಹೇಳುತ್ತಿದ್ದಳು.

ಈ ಆರಾಮಿನ ದಿನಗಳಲ್ಲೇ ಒಮ್ಮೆ ಊಟಕ್ಕೆ ಕುಳಿತಾಗ ಅವಳು ತನ್ನ ಕಾವಲಿನವರ ಕಥೆ ಹೇಳಿದಳು. ಕಣ್ಣಿನ ಹಿಂಬದಿಯಲ್ಲಿ ಬೆಳಕು ಹಿಡಿಯುವ ತೆಳ್ಳನೆಯ ಪರದೆ ಇದೆಯಲ್ಲ, ರೆಟಿನಾ, ಅದನ್ನು ಕಾಯುವ ಜೀವಕೋಶಗಳು ಅಲ್ಲಿ ಹುಟ್ಟುವುದೇ ಇಲ್ಲವಂತೆ. ಮೀನಿನ ಮರಿಯಲ್ಲಿ ಅವು ಮೊಟ್ಟೆಯ ಹಳದಿ ಭಾಗದ ಹತ್ತಿರ ಹುಟ್ಟಿ, ಕಣ್ಣು ಇನ್ನೂ ಅರ್ಧಂಬರ್ಧ ತಯಾರಾಗಿರುವಾಗಲೇ, ಕಣ್ಣಿನ ಕೆಳಗಿನ ಸಣ್ಣ ಸೀಳಿನಲ್ಲಿ ರಕ್ತನಾಳದ ಜೊತೆ ನುಸುಳಿಕೊಂಡು ಒಳಗೆ ಬರುತ್ತವೆ. ಬಂದವು ಅಲ್ಲೇ ನೆಲೆ ನಿಲ್ಲುತ್ತವೆ.

"ಒಂಥರಾ ಸೊಸೇರ ಹಾಗೆ" ಅಂದ ಅಣ್ಣ. ಅತ್ತಿಗೆ ಅವನನ್ನು ದುರುಗುಟ್ಟಿ ನೋಡಿ ಮುಂದುವರಿಸಿದಳು.

"ಅವಕ್ಕೆ ಉದ್ದುದ್ದ ಕೈಗಳು. ಕೈ ಚಾಚಿ ಅಕ್ಕಪಕ್ಕದ ಕೋಶಗಳನ್ನೆಲ್ಲ ಮುಟ್ಟಿ ನೋಡ್ತಾ ಇರ್ತಾವೆ. ಕಣ್ಣು ಬೆಳೆಯುವಾಗ ಬೇಕಾದ್ದಕ್ಕಿಂತ ಜಾಸ್ತಿ ಕೋಶ ಹುಟ್ಟಿರುತ್ತೆ, ಕೆಲವು ಸಾಯುತ್ತೆ. ಸತ್ತದ್ದನ್ನ ಇವು ನುಂಗಿ ಜಾಗ ಚೊಕ್ಕಟ ಮಾಡ್ತಾವೆ. ಚೆನ್ನಾಗಿರೋದನ್ನ ಮುಟ್ಟಿ ಸುಮ್ಮನೆ ಬಿಟ್ಟುಬಿಡ್ತಾವೆ."

ಅಮ್ಮ ತಟ್ಟೆಯಿಂದ ತಲೆಯೆತ್ತದೆ ನನ್ನನ್ನು ಕೇಳಿದಳು, "ಹಾಗೆ ಮುಟ್ಟಿ ಮುಟ್ಟಿ ನೋಡಿದ್ರೆ ಆ ಕೋಶಗಳು ಬೈಯಲ್ವಂತಾ, ಕೇಳು." ನನಗೆ ನಗು ಉಕ್ಕಿ ಬಂದು ನೀರು ನೆತ್ತಿಗೇರಿತು.

ಅದಾದ ಕೆಲವು ದಿನಕ್ಕೆ ಇನ್ನೊಂದು ಸುದ್ದಿ ತಂದಳು. ಲ್ಯಾಬಿನಲ್ಲಿ ಒಂದು ಗುಂಪು ಮರಿಗಳಿಂದ ಕಾವಲಿನ ಕೋಶಗಳನ್ನು ಔಷಧಿ ಕೊಟ್ಟು ತೆಗೆದುಹಾಕಿ ನೋಡಿದ್ದರು. ಮೊದಲು ಆ ಕಣ್ಣುಗಳಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲವಂತೆ, ತುಂಬ ಶಾಂತವಾಗಿದ್ದವಂತೆ. ಆಮೇಲೆ ನೋಡಿದರೆ ಸತ್ತ ಕೋಶಗಳು ಎತ್ತುವವರಿಲ್ಲದೆ ಗುಡ್ಡೆ ಬಿದ್ದಿದ್ದವು. ಈ ಸಲ ಅಮ್ಮ ಊಟದ ನಡುವೆಯೇ ಎದ್ದು ಹೋಗಿ ಕೈ ತೊಳೆದುಕೊಂಡಳು.

ಓಟಗಾರ ಬಂದದ್ದು ಅದೇ ಸಮಯದಲ್ಲಿ. ಸೂಕ್ಷ್ಮದರ್ಶಕದ ಚಿತ್ರದಲ್ಲಿ ಕತ್ತಲೆಯ ನಡುವೆ ಕಾವಲಿನ ಕೋಶಗಳು ಹಸಿರಾಗಿ ಹೊಳೆಯುತ್ತವೆ. ಕಣ್ಣಿಗೆ ಹಿತ ಅಂತ ಅತ್ತಿಗೆ ಅದನ್ನು ತಿರುಗುಮುರುಗು ಮಾಡಿಕೊಂಡು, ಬಿಳಿ ಹಾಳೆಯ ಮೇಲೆ ಕಪ್ಪು ಕೋಶಗಳು ಬರುವ ಹಾಗೆ ನೋಡುತ್ತಾಳೆ. ಹಾಗೆ ನೋಡುತ್ತಿದ್ದಾಗ ಒಂದು ದಿನ ಹೊಸದೊಂದು ಕಾಣಿಸಿಕೊಂಡಿತು. ಬೂದು ಬಣ್ಣ, ನಾಲ್ಕೈದು ಕೈ, ಅಂಚು ಸ್ವಲ್ಪ ಮಸುಕು. ಬೇರೆ ಕಾವಲಿನವು ಆಮೆಯ ಹಾಗೆ ತೆವಳಿದರೆ ಇದು ಕಣ್ಣಿನ ಈ ತುದಿಯಿಂದ ಆ ತುದಿಗೆ ಸರ್ರನೆ ಹೋಗುತ್ತಿತ್ತು. ನೆಟ್ಟಗೆ ದಿಟ್ಟಿಸಿದರೆ ಪಕ್ಕಕ್ಕೆ ಜಾರಿಕೊಳ್ಳುತ್ತಿತ್ತು. ಅತ್ತಿಗೆ ಅದಕ್ಕೆ ಓಟಗಾರ ಅಂತ ಹೆಸರಿಟ್ಟಳು, ಚಿತ್ರದಿಂದ ಚಿತ್ರಕ್ಕೆ ಅದರ ದಾರಿಯನ್ನು ಗುರುತು ಹಾಕಿಕೊಂಡು ಹೋದಳು.

ಅವಳ ಸಂಭ್ರಮ ನೋಡಬೇಕಿತ್ತು. ಲ್ಯಾಬಿನ ಲೇಖನಗಳ ಕೊನೆಯಲ್ಲಿ ಧನ್ಯವಾದದ ಸಾಲಿನಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತಿದ್ದ ತನ್ನ ಹೆಸರು ಈ ಸಲ ಮೇಲಕ್ಕೆ ಬರುತ್ತದೆ ಅಂತ ನೆಲದ ಮೇಲೆ ಕಾಲೇ ಇರಲಿಲ್ಲ. ಲ್ಯಾಪ್‌ಟಾಪಿನಲ್ಲಿ ಚಿತ್ರ ಹಾಕಿ ನನಗೂ ತೋರಿಸಿದಳು. "ಅಗೋ, ಅಗೋ, ಹೋಯ್ತು ನೋಡು!" ನನಗೆ ಯಾವ ಓಟಗಾರನೂ ಕಾಣಲಿಲ್ಲ. ಆದರೆ ಆ ಚಿತ್ರದಲ್ಲಿ ನನಗೆ ಮೀನಿನ ಕಣ್ಣು ಯಾವುದು ಅಂತಲೂ ಗೊತ್ತಾಗಿರಲಿಲ್ಲ, ಹಾಗಾಗಿ ಬಾಯಿ ಮುಚ್ಚಿಕೊಂಡಿದ್ದೆ.

ಲ್ಯಾಬಿನ ಮುಖ್ಯಸ್ಥೆಯನ್ನು ಅಲ್ಲಿ ಎಲ್ಲರೂ ದೊಡ್ಡ ಮೇಡಂ ಅನ್ನುತ್ತಾರೆ. ಅವರು ಬಂದು ನೋಡಿದರು. ಕನ್ನಡಕ ತೆಗೆದು ನೋಡಿದರು, ಹಾಕಿ ನೋಡಿದರು, ಪರದೆ ಒರೆಸಿ ನೋಡಿದರು. "ನೀವು ಗುರುತು ಹಾಕಿದ ಕಡೆ ನನಗೇನೂ ಕಾಣ್ತಾ ಇಲ್ಲ ಕಣ್ರೀ" ಅಂದರು.

"ನೀವು ನೋಡೋ ಅಷ್ಟರಲ್ಲಿ ಓಡಿಹೋಗುತ್ತೆ ಮೇಡಂ. ಆದ್ರೆ ಎಲ್ಲಾ ಮೀನಲ್ಲೂ ಇದೆ. ಒಂದರಲ್ಲಿ ಮಾತ್ರ ಇದ್ರೆ ಸುಳ್ಳು ಅನ್ಬಹುದಿತ್ತು. ಕಾವಲು ತೆಗೆದುಹಾಕಿದ ಮರಿಗಳಲ್ಲೂ ಇದೆ! ಅಂದ್ರೆ ನೋಡಿ, ನಮ್ಮ ಔಷಧಿಗೂ ಜಗ್ಗದ ಜಾತಿ ಇದು."

ಮೇಡಂ ತಲೆ ಕೆರೆದುಕೊಂಡು, ಸೋಮವಾರ ಎಲ್ಲರೂ ಕೂತು ನೋಡೋಣ ಅಂದರಂತೆ. ಅತ್ತಿಗೆ ಮನೆಗೆ ಬಂದು, "ಪಾಪ, ಮೇಡಂಗೆ ವಯಸ್ಸಾಯ್ತು" ಅಂತ ಮರುಗಿದಳು.

ಸೋಮವಾರಕ್ಕೆ ಮೊದಲು ಭಾನುವಾರ ಬರಬೇಕಲ್ಲ. ಅವತ್ತು ಬೆಳಿಗ್ಗೆ ಅತ್ತಿಗೆ ಅಡುಗೆಮನೆಯ ನೆಲದ ಮೇಲೆ ಕೂತು ಬಿಳಿ ತಟ್ಟೆಯಲ್ಲಿ ಬೇಳೆ ಆರಿಸುತ್ತಿದ್ದಳು. ಎದುರಿಗೆ ಅಮ್ಮ ತರಕಾರಿ ಹೆಚ್ಚುತ್ತಿದ್ದಳು, ನೇರವಾಗಿ ನೋಡುತ್ತಿರಲಿಲ್ಲ, ಓರೆಗಣ್ಣು ಮಾತ್ರ ಕೆಲಸ ಮಾಡುತ್ತಿತ್ತು. ಅತ್ತಿಗೆಯ ಬೆರಳು ತಟ್ಟೆಯ ಮೇಲೆ ಏನನ್ನೋ ಅಟ್ಟಿಸಿಕೊಂಡು ಹೋಗಿ, ತಪ್ಪಿ, ಮತ್ತೆ ಅಟ್ಟಿಸಿಕೊಂಡು ಹೋಗುತ್ತಿತ್ತು. ಅಮ್ಮ ತುಟಿ ಬಿಗಿಹಿಡಿದಳು. ಎರಡು ಬೀನ್ಸ್ ಹೆಚ್ಚಿದಳು. ಆಮೇಲೆ ಚಾಕು ಕೆಳಗಿಟ್ಟಳು.

"ಏನೇ ಅದು?"

"ಕರೀ ಕಲ್ಲು ಅತ್ತೆ. ಕೈಗೇ ಸಿಗ್ತಿಲ್ಲ, ಓಡ್ತಾ ಇದೆ."

"ಕಲ್ಲು ಎಲ್ಲಾದ್ರೂ ಓಡುತ್ತಾ?"

"ಹುಳ ಇರ್ಬೇಕು ಹಾಗಾದ್ರೆ."

ಅಮ್ಮ ತಟ್ಟೆ ಕಸಿದುಕೊಂಡು ಬೇಳೆಯನ್ನೆಲ್ಲ ಪೇಪರಿನ ಮೇಲೆ ಸುರಿದು, ಖಾಲಿ ತಟ್ಟೆ ಒರೆಸಿ ಅವಳ ಮುಂದೆ ಹಿಡಿದಳು. "ಈಗ ಎಲ್ಲಿದೆ?"

ಅತ್ತಿಗೆ ನೋಡಿದಳು. "ಇಲ್ಲೇ ಇದೆ" ಅಂದಳು. ಅವಳ ದನಿ ಆಗಲೇ ಸಣ್ಣದಾಗಿತ್ತು.

ಅಮ್ಮ ಕೊಟ್ಟ ಮಾತು, ಕೋಪ, ಟೀ ಜರಡಿ ಎಲ್ಲ ಮರೆತು ಮುಂದಕ್ಕೆ ಜರುಗಿ, ಅಂಗೈಯಿಂದ ಅತ್ತಿಗೆಯ ಎಡಗಣ್ಣು ಮುಚ್ಚಿದಳು. "ಈಗ?"

"ಇಲ್ಲ."

ಬಲಗಣ್ಣು ಮುಚ್ಚಿದಳು. "ಈಗ?"

ಅತ್ತಿಗೆ ಖಾಲಿ ತಟ್ಟೆಯ ಮೇಲೆ ಬೆರಳಿಟ್ಟಳು. "ಓಟಗಾರ" ಅಂದಳು. ಅಮ್ಮನಿಗೆ ಅರ್ಥವಾಗಲಿಲ್ಲ, ನನಗೆ ಅರ್ಥವಾಯಿತು. ಅತ್ತಿಗೆ ಎದ್ದು ಬಿಳಿ ಗೋಡೆ ನೋಡಿದಳು, "ಇಲ್ಲೂ ಇದೆ" ಅಂದಳು. ಕಿಟಕಿಯಿಂದ ಆಕಾಶ ನೋಡಿದಳು, ಅಲ್ಲೂ ಇತ್ತು. ಆ ಓಟಗಾರ ಯಾವ ಮೀನಿನಲ್ಲೂ ಇರಲಿಲ್ಲ. ಅತ್ತಿಗೆಯ ಎಡಗಣ್ಣಿನಲ್ಲಿ ಕೂತು, ಅವಳು ನೋಡಿದ ಕಡೆಯೆಲ್ಲ ಓಡುತ್ತಿದ್ದ. ಇನ್ನೊಂದು ವಿಷಯವೂ ಆಗಲೇ ಗೊತ್ತಾಯಿತು. ಬಲಗಣ್ಣು ಮುಚ್ಚಿಕೊಂಡು ಗೋಡೆಯ ಕ್ಯಾಲೆಂಡರ್ ನೋಡಿದರೆ ತಾರೀಖುಗಳೆಲ್ಲ ಹೊಗೆಯೊಳಗೆ ನಿಂತ ಹಾಗಿದ್ದವು. ಒಂದೂ ಓದಲಾಗಲಿಲ್ಲ. ಎರಡೂ ಕಣ್ಣು ಬಿಟ್ಟುಕೊಂಡು ಓಡಾಡುವವಳಿಗೆ ಒಂದು ಕಣ್ಣು ಮಂಕಾಗುತ್ತಾ ಬಂದದ್ದು ತಿಳಿದೇ ಇರಲಿಲ್ಲ.

ಭಾನುವಾರವೂ ತೆರೆದಿರುವ ಕಣ್ಣಾಸ್ಪತ್ರೆ ಹುಡುಕಿಕೊಂಡು ಹೋದೆವು. ಅಮ್ಮ ಮನೆಯೊಳಗೆ ಹಾಕುವ ಚಪ್ಪಲಿಯಲ್ಲೇ ಬಂದಿದ್ದಳು. ಡಾಕ್ಟರಮ್ಮ ಕಣ್ಣಿಗೆ ಹನಿ ಹಾಕಿ ಪಾಪೆ ಅಗಲವಾಗುವವರೆಗೆ ಕಾಯಿಸಿ, ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ಕಣ್ಣಿನ ಒಳಗೆ ಉರಿಯೂತ ಆಗಿದೆ ಅಂದರು. "ಕಣ್ಣಿನ ನಡುವಿನ ಲೋಳೇಲಿ ರಕ್ಷಣಾ ಕೋಶಗಳು ಬಂದು ಗುಂಪು ಕಟ್ಟಿವೆ. ನಿಮಗೆ ಓಡಾಡೋ ಹಾಗೆ ಕಾಣೋದು ಅವುಗಳ ನೆರಳು."

ಅತ್ತಿಗೆ ಕುರ್ಚಿಯಲ್ಲಿ ನೆಟ್ಟಗೆ ಕೂತಳು. "ಅಂದ್ರೆ ಅದು ಕೋಶಾನೇ?"

"ಕೋಶಗಳೇ."

"ಕಾವಲಿನ ಕೋಶ?"

"ಹೂಂ, ಹಾಗೇ ಅನ್ನಿ."

"ನಾನು ಹೇಳಿರ್ಲಿಲ್ವಾ!" ಅಂತ ನನ್ನ ಕಡೆ ತಿರುಗಿ ತೊಡೆ ತಟ್ಟಿಕೊಂಡಳು. ಕಣ್ಣು ಹೋಗುವುದರಲ್ಲಿದೆ, ಇವಳಿಗೆ ತಾನು ಗೆದ್ದೆ ಅನ್ನುವ ಹಿಗ್ಗು! ಡಾಕ್ಟರಮ್ಮ ನಮ್ಮ ಮುಖ ನೋಡಿದರು. ಆಮೇಲೆ ಅವರು ಹೇಳಿದ ಮಾತಿಗೆ ಹಿಗ್ಗೆಲ್ಲ ಇಳಿಯಿತು. ಇದಕ್ಕೆ ನೋವಿರುವುದಿಲ್ಲ, ಕೆಂಪಾಗುವುದಿಲ್ಲ, ಹಾಗಾಗಿ ಜನ ತಡಮಾಡಿ ಬರುತ್ತಾರೆ. ರೆಟಿನಾದ ನಡುಭಾಗದಲ್ಲಿ ನೀರು ತುಂಬಿ ಊದಿಕೊಂಡಿದೆ. ಇನ್ನೂ ಹಾಗೇ ಬಿಟ್ಟಿದ್ದರೆ ಆ ನಡುನೋಟ ಮತ್ತೆ ಬರುತ್ತಲೇ ಇರಲಿಲ್ಲ. "ಈಗಲೂ ಪೂರ್ತಿ ವಾಪಸ್ ಬರುತ್ತೆ ಅಂತ ನಾನು ಮಾತು ಕೊಡೋಕಾಗಲ್ಲ" ಅಂದರು. ಕಾವಲಿನವು ಯಾಕೆ ಹೀಗೆ ರೇಗಿದವು ಅಂತ ರಕ್ತ ಪರೀಕ್ಷೆಗಳಿಗೆ ಬರೆದುಕೊಟ್ಟರು. ಕಾರಣ ಕೊನೆಗೂ ಸಿಗಲಿಲ್ಲ.

ಬಸ್ಸಿನಲ್ಲಿ ವಾಪಸಾಗುವಾಗ ಅತ್ತಿಗೆ ಅತ್ತಳು. ಅವಳು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. "ಈ ಕಣ್ಣು ಹೋದ್ರೆ ನನ್ನ ಕೆಲಸ ಹೋಗುತ್ತೆ. ನೋಡೋದು ಬಿಟ್ಟು ನನಗೆ ಇನ್ನೇನೂ ಬರಲ್ಲ" ಅಂದಳು. ಅಮ್ಮ ಕಿಟಕಿಯ ಕಡೆ ನೋಡುತ್ತಲೇ, "ಹೋಗೋಕೆ ನಾನು ಬಿಟ್ರೆ ತಾನೆ" ಅಂದಳು. ನನಗೂ ಭಯವಾಗಿತ್ತು. ಆದರೆ ಆ ಮಾತು ಕೇಳಿದ ಮೇಲೆ ಸ್ವಲ್ಪ ಕಡಿಮೆಯಾಯಿತು.

ದೊಡ್ಡ ಮೇಡಂಗೆ ಅತ್ತಿಗೆ ಫೋನು ಮಾಡಿ ಎಲ್ಲ ಹೇಳಿದಳು. ಸಂಜೆ ಅವರು ಹಣ್ಣು ಹಿಡಿದುಕೊಂಡು ಮನೆಗೇ ಬಂದರು. ಮೂಗಿನ ಮೇಲೆ ಹೊಚ್ಚ ಹೊಸ ಕನ್ನಡಕ. "ನಿಮ್ಮ ಓಟಗಾರ ನನಗೆ ಕಾಣಲಿಲ್ಲ ಅಂತ ಹೋಗಿ ಮಾಡಿಸ್ಕೊಂಡೆ ಕಣ್ರೀ" ಅಂದರು. ಅಳು ಮುಖದಲ್ಲಿದ್ದ ಅತ್ತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕಳು, ಮೇಡಮ್ಮೂ ನಕ್ಕರು. ರಜೆ ಎಷ್ಟು ಬೇಕೋ ತಗೊಳ್ಳಿ, ಆದರೆ ಕಣ್ಣು ತಗೊಂಡು ಬನ್ನಿ ಅಂತ ಹೇಳಿ ಹೋದರು.

ಹನಿ, ಮಾತ್ರೆ ಶುರುವಾದವು. ಕಾಯಿಲೆಯ ಕಾಲಕ್ಕೆ ತನ್ನ ಮಾತಿನಿಂದ ವಿನಾಯಿತಿ ಇದೆ ಅಂತ ಅಮ್ಮ ತಾನೇ ಘೋಷಿಸಿಕೊಂಡು ಪಟ್ಟಕ್ಕೆ ಮರಳಿದಳು. ಕಾವಲಿನವರ ರೇಗಾಟ ಇಳಿಸುವ ಆ ಮಾತ್ರೆಗೆ ಹಸಿವು ಜಾಸ್ತಿ, ಮುಖವೂ ಊದುತ್ತದೆ. ಡಾಕ್ಟರಮ್ಮ ಇದನ್ನು ತೊಂದರೆ ಅಂತ ಹೇಳಿದ್ದರು, ಅಮ್ಮ ಮಾತ್ರ "ಈಗ ನೋಡು, ಮುಖ ತುಂಬ್ಕೊಂಡು ಲಕ್ಷಣವಾಗಿದೆ" ಅಂತ ಬೀಗಿದಳು. ದಿನಾ ಸಂಜೆ ಅತ್ತಿಗೆ ಬಾಗಿಲ ಹತ್ತಿರ ನಿಂತು ಬಲಗಣ್ಣು ಮುಚ್ಚಿಕೊಳ್ಳಬೇಕು, ಅಮ್ಮ ಸೌಟಿನ ಹಿಡಿಯಿಂದ ಕ್ಯಾಲೆಂಡರಿನ ಒಂದೊಂದು ತಾರೀಖು ಮುಟ್ಟಬೇಕು, ಇವಳು ಓದಬೇಕು. ಮೊದಲು ಒಂದೂ ಬರುತ್ತಿರಲಿಲ್ಲ. ದಿನ ಹೋದ ಹಾಗೆ ಒಂದು, ಎರಡು, ಆಮೇಲೆ ಇಡೀ ಸಾಲು ಓದತೊಡಗಿದಳು. ಅಣ್ಣ ಚಪ್ಪಾಳೆ ತಟ್ಟುತ್ತಿದ್ದ. ನಾವೆಲ್ಲ ಗೆದ್ದೆವು ಅಂದುಕೊಂಡೆವು.

ತಿಂಗಳು ಬದಲಾಯಿತು. ಅವತ್ತು ಬೆಳಿಗ್ಗೆ ಅಮ್ಮ ಕ್ಯಾಲೆಂಡರಿನ ಹಾಳೆ ಹರಿದಿದ್ದಳು. ಸಂಜೆ ಸೌಟು ಮುಟ್ಟಿದ ಕಡೆಯೆಲ್ಲ ಅತ್ತಿಗೆ ಪಟಪಟ ಓದಿದಳು. ಅಮ್ಮ ಸೌಟು ಕೆಳಗಿಳಿಸಿದಳು.

"ನೀನು ಓದ್ತಿರೋದು ಹಳೇ ತಿಂಗಳು ಕಣೇ."

ಅತ್ತಿಗೆ ಬಲಗಣ್ಣಿನ ಮೇಲಿನ ಕೈ ತೆಗೆಯದೆ ಹಾಗೇ ನಿಂತಿದ್ದಳು. "ಒಂಚೂರೂ ಸರಿಹೋಗಿಲ್ಲ ಅತ್ತೆ. ನೀವೆಲ್ಲ ಖುಷಿಯಾಗಿದ್ರಿ. ಡಾಕ್ಟ್ರು ಇನ್ನು ಆಗಲ್ಲ ಅಂದುಬಿಟ್ರೆ ಅಂತ ಹೆದರಿಕೆ ಆಯ್ತು. ಕಂಠಪಾಠ ಮಾಡ್ಕೊಂಡೆ."

ಅಮ್ಮ ಬೈಯುತ್ತಾಳೆ ಅಂದುಕೊಂಡೆ. ಅವಳು ಬೈಯಲಿಲ್ಲ. "ನಿಮ್ಮ ಮಾವನವರೂ ಹೀಗೇ ಮಾಡಿದ್ದು" ಅಂದಳು, ಅಷ್ಟೇ. ಒಳಗೆ ಹೋಗಿ, ಈ ಸಲ ಹೊರಗೆ ಹಾಕುವ ಚಪ್ಪಲಿಯನ್ನೇ ಮೆಟ್ಟಿಕೊಂಡು ಬಂದು, "ನಡಿ" ಅಂದಳು.

ಡಾಕ್ಟರಮ್ಮ ಕಣ್ಣಿನ ಪಕ್ಕದಲ್ಲಿ ಇಂಜೆಕ್ಷನ್ ಕೊಟ್ಟರು. ಅದು ಹಿಡಿಯಿತು. ನಿಧಾನವಾಗಿ, ಸತಾಯಿಸಿ ಸತಾಯಿಸಿ, ಹೊಗೆ ಕರಗತೊಡಗಿತು. ಅಮ್ಮ ಇನ್ನು ಮೋಸ ಹೋಗುವವಳಲ್ಲ. ದಿನಕ್ಕೊಂದು ತಿಂಗಳಿನ ಹಾಳೆ ಮೇಲೆ ತಂದು, ಸೌಟನ್ನು ಮೂಲೆಮೂಲೆಗೂ ಓಡಿಸಿ ಓದಿಸಿದಳು. ಕೊನೆಗೊಂದು ಸಂಜೆ ಅತ್ತಿಗೆ ಎಡಗಣ್ಣೊಂದರಲ್ಲೇ ಕ್ಯಾಲೆಂಡರಿನ ಕೆಳತುದಿಯಲ್ಲಿದ್ದ ಪ್ರೆಸ್ಸಿನವರ ಫೋನ್ ನಂಬರನ್ನು ತಪ್ಪಿಲ್ಲದೆ ಓದಿದಳು. ಅಮ್ಮನಿಗೆ ಅದು ಕನ್ನಡಕ ಹಾಕಿದರೂ ಕಾಣುವುದಿಲ್ಲ. ನನ್ನನ್ನು ಕರೆದು ಒಂದೊಂದೇ ಅಂಕಿ ತಾಳೆ ನೋಡಿಸಿ, "ಗಣಿತದ ಟೀಚರ್ ಹೇಳಿದ್ಮೇಲೆ ಸರಿಯಾಗೇ ಇರುತ್ತೆ" ಅಂತ ಒಪ್ಪಿಕೊಂಡಳು. ಆಸ್ಪತ್ರೆಯವರೂ ಅದನ್ನೇ ಹೇಳಿದರು. ಕಣ್ಣು ಉಳಿದಿತ್ತು. ಒಂದು ಸಣ್ಣ ಬೂದು ಚುಕ್ಕೆ ಮಾತ್ರ ಉಳಿದುಕೊಂಡಿದೆ, ಓಟಗಾರ ನಿವೃತ್ತಿಯಾಗಿ ಮೂಲೆ ಸೇರಿದ್ದಾನೆ ಅನ್ನುತ್ತಾಳೆ ಅತ್ತಿಗೆ. ಈಗ ಅವಳ ಲ್ಯಾಬಿನಲ್ಲಿ ಒಂದು ಪದ್ಧತಿ ಬಂದಿದೆಯಂತೆ. ಪರದೆಯ ಮೇಲೆ ಯಾರಿಗೇ ಹೊಸದೇನಾದರೂ ಕಂಡರೆ, ಬಾಯಿಬಿಡುವ ಮೊದಲು ಒಂದೊಂದೇ ಕಣ್ಣು ಮುಚ್ಚಿ ನೋಡಿಕೊಳ್ಳಬೇಕು. ದೊಡ್ಡ ಮೇಡಂ ಕೂಡ ಹಾಗೇ ನೋಡುತ್ತಾರಂತೆ.

ಅತ್ತಿಗೆ ಮತ್ತೆ ಕೆಲಸಕ್ಕೆ ಹೋದ ಮೊದಲ ದಿನ ಸಂಜೆ ನಾವು ಮೂವರೂ ಒಟ್ಟಿಗೇ ಮನೆಗೆ ಬಂದೆವು. ಅಮ್ಮ ಬಾಗಿಲಲ್ಲಿದ್ದಳು. ಅಣ್ಣ ಕೈ ಚಾಚಿದ, ಹತ್ತು ಬೆರಳು ಪಾಸಾಯಿತು. ನನ್ನ ನಾಲಗೆ ಪಾಸಾಯಿತು. ಅತ್ತಿಗೆಯ ಸರದಿ ಬಂದಾಗ ಅಮ್ಮ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಗೆ ಒರಗಿ ದಾರಿ ಬಿಟ್ಟಳು. ಕಾಯಿಲೆ ಮುಗಿದಿತ್ತು, ವಿನಾಯಿತಿಯೂ ಮುಗಿದಿತ್ತು.

ಅತ್ತಿಗೆ ಒಳಗೆ ಬರಲಿಲ್ಲ. ಹೊಸ್ತಿಲಾಚೆ ಚಪ್ಪಲಿ ಬಿಚ್ಚದೆ ನಿಂತಳು. ಬ್ಯಾಗಿನ ಜಿಪ್ಪು ಎಳೆದು, ಅದರ ಬಾಯಿ ಅಗಲ ಮಾಡಿ ಅಮ್ಮನ ಮುಂದೆ ಹಿಡಿದಳು.

"ನನ್ನನ್ನ ಬಿಟ್ರಲ್ಲ ಅತ್ತೆ."

"ಎಲ್ಲಾ ನನ್ನದು ಅಂದಿದ್ದೆಯಲ್ಲಮ್ಮ."

"ಅಂದಿದ್ದೆ. ಈಗ ಕರೀತಿದ್ದೀನಿ. ನೋಡಿ."

ಅಮ್ಮನ ಕೈ ಬೆನ್ನ ಹಿಂದಿನಿಂದ ಹೊರಬರಲು ಸ್ವಲ್ಪ ಹೊತ್ತು ಹಿಡಿಯಿತು. ಮೊದಲು ಅತ್ತಿಗೆಯ ಹಣೆ ಮುಟ್ಟಿದಳು. ಆಮೇಲೆ ಎಡಗಣ್ಣಿನ ರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸವರಿದಳು. ಅತ್ತಿಗೆ ಕಣ್ಣು ಮುಚ್ಚಿಕೊಂಡು ನಿಂತಿದ್ದಳು, ಎರಡೂ ಕಣ್ಣಿಂದ ನೀರು ಸುರಿಯುತ್ತಿತ್ತು. ಅಮ್ಮ ಬ್ಯಾಗಿಗೆ ಕೈ ಹಾಕಿ ಊಟದ ಡಬ್ಬಿ ತೆಗೆದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು.

"ಅರ್ಧ ಬಿಟ್ಟಿದ್ದೀಯ" ಅಂದಳು. "ಯಾಕೆ?"